ಫೆಂಟಿ ಪ್ರೋ ಫಿಲ್ಟರ್ ಫೌಂಡೇಶನ್ ರಿವ್ಯೂ: ಕಪ್ಪು ಮುಖಕ್ಕೆ ಬೂದಿ ಬಳಿಯದ ಬಾಟ್ಲಿ, ಜೊತೆಗೆ ನನ್ನ ಮೇಕಪ್ ಡಬ್ಬಿಲಿರೋ ಉಳಿದ ಸಾಮಾನು

ಮೊದ್ಲೇ ಹೇಳ್ಬಿಡ್ತೀನಿ, ನಂದು ಎಣ್ಣೆಗಪ್ಪು. ಗೋಧಿ ಬಣ್ಣ, ಸಾದಗಪ್ಪು ಅಂತೆಲ್ಲ ಸಮಾಧಾನ ಮಾಡ್ಕೊಳ್ಳೋ ಪೈಕಿ ಅಲ್ಲ, ಕಪ್ಪೇ. ಹಣೆ ಮತ್ತೆ ಬಾಯಿ ಸುತ್ತ ಇನ್ನೊಂದು ಕೈ ಜಾಸ್ತಿ ಕಪ್ಪು, ಕೆನ್ನೆ ಮಧ್ಯ ಸ್ವಲ್ಪ ತಿಳಿ, ಮಧ್ಯಾಹ್ನ ಆಗೋಷ್ಟ್ರಲ್ಲಿ ಮೂಗಿನ ಮೇಲೆ ಎಣ್ಣೆ ಮಿಂಚೋಕೆ ಶುರು. ಇದನ್ನ ಮನಸಲ್ಲಿಟ್ಕೊಂಡು ಮುಂದಕ್ಕೆ ಓದಿ, ಯಾಕಂದ್ರೆ ಬರೆಯೋರು ತಮ್ಮ ಬಣ್ಣ ಯಾವ್ದು ಅಂತಾನೇ ಹೇಳ್ದೆ "ಸೂಪರ್, ಸ್ಕಿನ್ ಜೊತೆ ಹಂಗೇ ಬೆರ್ತೋಗುತ್ತೆ" ಅಂತ ಬರೆದ ರಿವ್ಯೂಗಳಿಂದ ನಮ್ಮಂಥೋರಿಗೆ ನಯಾಪೈಸೆ ಉಪಯೋಗ ಇಲ್ಲ.

ಯಾವ ಸಾಮಾನು ತಗೊಂಡ್ರೂ ನಾನು ನೋಡೋದು ಒಂದೇ. ಹಚ್ಚಿ ಕಾಲು ಗಂಟೆ ಆದ್ಮೇಲೆ ಮುಖ ಬೂದಿ ಬೂದಿ ಕಾಣುತ್ತಾ, ಇಲ್ವಾ? ಪ್ಯಾಕಿಂಗ್, ಪರಿಮಳ, ಇಪ್ಪತ್ನಾಲ್ಕು ಗಂಟೆ ನಿಲ್ಲುತ್ತೆ ಅನ್ನೋ ಜಂಬ, ಎಲ್ಲ ಆಮೇಲೆ.

ಈ ಬೂದಿ ಎಲ್ಲಿಂದ ಬರುತ್ತೆ ಅಂತ ಸ್ವಲ್ಪ ಹೇಳ್ತೀನಿ, ಇದು ಗೊತ್ತಾದ್ರೆ ಅರ್ಧ ದುಡ್ಡು ಉಳಿಯುತ್ತೆ. ಫೌಂಡೇಶನ್ ಅಂದ್ರೆ ಮುಖದ ಬಣ್ಣ ಒಂದೇ ಸಮ ಕಾಣ್ಲಿ ಅಂತ ಹಚ್ಚೋ ಲೇಪ. ಬಹುತೇಕ ಫೌಂಡೇಶನ್ನುಗಳ ಬಣ್ಣ ಅಂದ್ರೆ ನಾಲ್ಕೇ ನಾಲ್ಕು ಪುಡಿ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಕೆಂಪು ಹಳದಿ ಕಪ್ಪಿಗೆ ಐರನ್ ಆಕ್ಸೈಡ್. ಡಬ್ಬಿ ಹಿಂದೆ ಇರುವೆ ಸಾಲಿನ ಥರ ಅಕ್ಷರ ಇರುತ್ತಲ್ಲ, ಅಲ್ಲಿ ಸಿಐ 77891 ಅಂತಿದ್ರೆ ಬಿಳಿ, 77491 ಕೆಂಪು, 77492 ಹಳದಿ, 77499 ಕಪ್ಪು. ತಿಳಿ ಬಣ್ಣದೋರಿಗೆ ಅಂತ ಮಾಡಿದ ಬೇಸ್‌ನೇ ಇಟ್ಕೊಂಡು, ಅದ್ರೊಳಗಿನ ಬಿಳಿ ತೆಗೀದೆ, ಮೇಲಿಂದ ಕಪ್ಪು ಪುಡಿ ಸುರಿದು "ಡಾರ್ಕ್ ಶೇಡ್" ಅಂತ ಲೇಬಲ್ ಅಂಟಿಸಿದ್ರೆ ಏನಾಗುತ್ತೆ, ಬಿಳಿಗೆ ಕಪ್ಪು ಸೇರಿದ್ರೆ ಬೂದು, ಅಷ್ಟೇ ಲೆಕ್ಕ. ಎಲ್ಲ ಬಣ್ಣ ಮಸಿ ನುಂಗ್ತು ಅಂತಾರಲ್ಲ, ಇಲ್ಲಿ ನಿಜವಾಗ್ಲೂ ಮಸೀನೇ ನುಂಗಿರುತ್ತೆ. ಸರಿಯಾಗಿ ಮಾಡ್ಬೇಕು ಅಂದ್ರೆ ಬಿಳಿ ಕಮ್ಮಿ ಮಾಡಿ ಕೆಂಪು ಹಳದಿ ಏರಿಸ್ಬೇಕು, ಕಡುಗಪ್ಪು ಬಣ್ಣದಲ್ಲಿ ಕೆಲವರಿಗೆ ಒಳಗಿಂದ ನೀಲಿ ಛಾಯೆ ಇರುತ್ತೆ, ಅವರಿಗೆ ಅಲ್ಟ್ರಾಮರೀನ್ ನೀಲಿ ಸೇರಿಸ್ಬೇಕು. ಅಂದ್ರೆ ಮೊದ್ಲಿಂದ ಬೇರೆ ಥರ ಯೋಚ್ನೆ ಮಾಡಿ ಮಾಡ್ಬೇಕು. ಕಾಟಾಚಾರಕ್ಕೆ ಕೊನೇಲಿ ಎರಡು ಶೇಡ್ ಸೇರಿಸಿದ್ರೆ ಆಗಲ್ಲ.

ಈಗ ಫೆಂಟಿ ವಿಷಯಕ್ಕೆ ಬರ್ತೀನಿ. ಗಾಯಕಿ ರಿಹಾನಾ 2017ರ ಸೆಪ್ಟೆಂಬರಲ್ಲಿ ಶುರು ಮಾಡಿದ ಬ್ರ್ಯಾಂಡ್ ಇದು, ಮೊದಲನೇ ದಿನವೇ ಈ ಪ್ರೋ ಫಿಲ್ಟರ್ ಸಾಫ್ಟ್ ಮ್ಯಾಟ್ ಫೌಂಡೇಶನ್ 40 ಶೇಡಲ್ಲಿ ಬಂತು, ಆಮೇಲೆ 2019ರಲ್ಲಿ 50 ಆಯ್ತು. ಮೊದಲು ಬಂದಾಗ ಕಪ್ಪು ಶೇಡುಗಳೇ ಮೊದ್ಲು ಖಾಲಿ ಆಗಿದ್ವು ಅನ್ನೋದು ದೊಡ್ಡ ಸುದ್ದಿ, ನಮಗೇನು ಆಶ್ಚರ್ಯ ಆಗ್ಲಿಲ್ಲ ಬಿಡಿ. ಟೈಮ್ ಪತ್ರಿಕೆ 2017ರ ಒಳ್ಳೊಳ್ಳೆ ಆವಿಷ್ಕಾರಗಳ ಪಟ್ಟೀಲಿ ಇದನ್ನೂ ಸೇರಿಸ್ತು. ಹಂಗಂತ ಕಪ್ಪು ಚರ್ಮಕ್ಕೆ ಮೇಕಪ್ ಮಾಡಿದ ಮೊದಲನೇ ಕಂಪನಿ ಇದೇ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ. ಅಮೆರಿಕದಲ್ಲಿ ಯೂನಿಸ್ ಜಾನ್ಸನ್ ಅನ್ನೋರು ಕಪ್ಪು ಜನರಿಗೆ ಅಂತಲೇ ಇದ್ದ ಎಬನಿ ಪತ್ರಿಕೆಯ ಫ್ಯಾಶನ್ ಶೋ ನಡೆಸ್ತಿದ್ರು, ಅವರ ಮಾಡೆಲ್‌ಗಳು ತಮ್ಮ ಬಣ್ಣದ್ದು ಸಿಗ್ದೇ ಎರಡು ಮೂರು ಫೌಂಡೇಶನ್ ತಾವೇ ಕಲಸ್ಕೊಂಡು ಹಚ್ತಿದ್ದಿದ್ದು ನೋಡಿ 1973ರಲ್ಲಿ ಫ್ಯಾಶನ್ ಫೇರ್ ಅಂತ ಬ್ರ್ಯಾಂಡೇ ಶುರು ಮಾಡಿದ್ರು. ಮಾಡೆಲ್ ಇಮಾನ್ ತನ್ನ ಹೆಸರಲ್ಲೇ 1994ರಲ್ಲಿ ಶುರು ಮಾಡಿದ್ಲು. ಫೆಂಟಿ ಬಂದ್ಮೇಲೆ ಆಗಿದ್ದು ಏನಪ್ಪ ಅಂದ್ರೆ, ಉಳಿದ ದೊಡ್ಡ ಕಂಪನಿಗಳಿಗೆ "ಡಿಮ್ಯಾಂಡ್ ಇಲ್ಲ" ಅನ್ನೋಕೆ ಬಾಯಿ ಇಲ್ದಂಗಾಯ್ತು.

ಬಾಟ್ಲಿ ಗಾಜಿಂದು, 32 ಮಿಲಿ, ಪಂಪ್ ಇದೆ. ನೀರ್ ನೀರಾಗಿದೆ, ಮ್ಯಾಟ್, ಅಂದ್ರೆ ಹೊಳಪಿಲ್ಲದ್ದು, ಅಂತ ಹೆಸರಿದ್ರೂ ಹಿಟ್ಟು ಮೆತ್ಕೊಂಡಂಗೆ ಆಗಲ್ಲ. ಬೇಗ ಒಣಗುತ್ತೆ, ಅದಕ್ಕೇ ಇಡೀ ಮುಖಕ್ಕೆ ಚುಕ್ಕಿ ಇಟ್ಕೊಂಡು ಆಮೇಲೆ ನಿಧಾನಕ್ಕೆ ಹರಡ್ತೀನಿ ಅಂತ ಕೂತ್ರೆ ಕಷ್ಟ, ಒಂದು ಕೆನ್ನೆ ಮುಗಿಸಿ ಇನ್ನೊಂದು ಕೆನ್ನೆಗೆ ಹೋಗಿ. ಒದ್ದೆ ಸ್ಪಂಜಲ್ಲಿ ಒತ್ತಿದ್ರೆ ತೆಳ್ಳಗೆ ಕೂರುತ್ತೆ, ಬ್ರಶ್ ಆದ್ರೆ ಸ್ವಲ್ಪ ದಪ್ಪ. ಮೊಡವೆ ಹೋಗಿ ಉಳಿದ ಕಲೆ ಒಂದೇ ಪದರಕ್ಕೆ ಪೂರ್ತಿ ಮುಚ್ಚಲ್ಲ, ಅಲ್ಲಲ್ಲೇ ಬೆರಳಲ್ಲಿ ಇನ್ನೊಂದು ಸಲ ತಟ್ಟಬೇಕು, ನಂಗೆ ಹಂಗಿರೋದೇ ಇಷ್ಟ, ಮುಖ ಮುಖದ ಥರ ಕಾಣ್ಬೇಕು. ಮೂಗಿನ ಎಣ್ಣೆ ಸಂಜೆವರೆಗೂ ಹಿಡಿತದಲ್ಲಿರುತ್ತೆ. ಒಣ ಚರ್ಮದೋರಿಗೆ ಮಾತ್ರ ಮ್ಯಾಟ್ ಅನ್ನೋದು ಯಾವ ಕಂಪನಿದಾದ್ರೂ ಅಷ್ಟಕ್ಕಷ್ಟೇ, ಕೆಳಗೆ ಚೆನ್ನಾಗಿ ಮಾಯಿಶ್ಚರೈಸರ್ ಹಚ್ಕೊಳ್ಳಿ, ಇಲ್ಲಾ ಹೈಡ್ರೇಟಿಂಗ್ ಥರದ್ದು ನೋಡಿ.

ನಂಗೆ ಇದರಲ್ಲಿ ನಿಜವಾಗ್ಲೂ ಹಿಡಿಸಿದ್ದು 50 ಅನ್ನೋ ಸಂಖ್ಯೆ ಅಲ್ಲ. ಐವತ್ತು ಶೇಡ್ ಮಾಡಿ ಅದರಲ್ಲಿ ಮೂವತ್ತು ಕೆನೆ ಬಣ್ಣದಲ್ಲೇ ಸುತ್ತಾಡಿಸೋ ಕಂಪನಿಗಳೂ ಇವೆ, ಕಪ್ಪಿಗೆ ಬಂದ್ರೆ ಒಂದೇ ಸಲ ಹಾರಿ ಎರಡು ಮೆಟ್ಲು ಕೆಳಗೆ ಇಳ್ದುಬಿಡ್ತಾರೆ. ಫೆಂಟಿಲಿ 400ರ ಸಾಲಲ್ಲೂ, ಅಂದ್ರೆ ತೀರಾ ಕಪ್ಪು ಶೇಡುಗಳಲ್ಲೂ, ಒಂದೊಂದು ಶೇಡಿಗೂ ಅಂಡರ್‌ಟೋನ್ (ಒಳಛಾಯೆ) ಬೇರೆ ಬೇರೆ ಕೊಟ್ಟಿದ್ದಾರೆ, ವಾರ್ಮ್, ಕೂಲ್, ನ್ಯೂಟ್ರಲ್ ಅಂತ. ಇಬ್ಬರು ಅಷ್ಟೇ ಕಪ್ಪಿದ್ರೂ ಒಬ್ಬರಿಗೆ ಒಳಗಿಂದ ಕೆಂಪು ಹೊಡೆಯುತ್ತೆ, ಇನ್ನೊಬ್ಬರಿಗೆ ಹಳದಿ. ಇಬ್ಬರಿಗೂ ಒಂದೇ ಬಾಟ್ಲಿ ಕೊಟ್ರೆ ಒಬ್ಬರ ಮುಖ ಇಟ್ಟಿಗೆ ಥರ ಆಗೋದು ಗ್ಯಾರಂಟಿ.

ಶೇಡ್ ನೋಡೋದು ಹೆಂಗೆ? ಕೈ ಮಣಿಕಟ್ಟಿನ ಮೇಲೆ ಹಚ್ಚಿ ನೋಡೋದನ್ನ ಮೊದ್ಲು ಬಿಡಿ, ಕೈ ಒಳಗಡೆ ಬಣ್ಣ ಬೇರೆ ಮುಖದ ಬಣ್ಣ ಬೇರೆ. ದವಡೆ ಮೂಳೆ ಮೇಲಿಂದ ಕುತ್ತಿಗೆ ಕಡೆಗೆ ಇಳಿಯೋ ಹಂಗೆ ಪಕ್ಕ ಪಕ್ಕ ಮೂರು ಗೆರೆ ಎಳೀರಿ, ನಿಮ್ಮದು ಅನ್ಸಿದ್ದು ಮಧ್ಯದಲ್ಲಿ, ಒಂದು ತಿಳಿ, ಒಂದು ಕಪ್ಪು. ಹಚ್ಚಿದ ತಕ್ಷಣ ತೀರ್ಮಾನ ಮಾಡ್ಬೇಡಿ. ಅಂಗಡಿಯಿಂದ ಆಚೆ ಬಂದು, ಕಿಟಕಿ ಬೆಳಕೋ ಬಿಸಿಲೋ ಇರೋ ಕಡೆ ಹತ್ತು ಹದಿನೈದು ನಿಮಿಷ ಸುಮ್ನೆ ನಿಂತ್ಕೊಳ್ಳಿ. ಚರ್ಮದ ಎಣ್ಣೆ ಜೊತೆ ಸೇರಿ ಗಾಳಿಗೆ ಆರಿ ಬಹಳಷ್ಟು ಫೌಂಡೇಶನ್ ಒಂಚೂರು ಬಣ್ಣ ತಿರುಗುತ್ತೆ, ಆಕ್ಸಿಡೈಸ್ ಆಗೋದು ಅಂತಾರಲ್ಲ ಅದೇ. ಆಮೇಲೆ ಕನ್ನಡಿಲಿ ನೋಡಿ. ತಿಳಿ ಗೆರೆ ಸುಣ್ಣದ ಗೀಟಿನ ಥರ ಎದ್ದು ಕಾಣ್ತಿರುತ್ತೆ, ಕಪ್ಪಿಂದು ಒಂದು ಮಾಸಲು ಪಟ್ಟಿ, ಸರಿಯಾದ ಗೆರೆ ಎಲ್ಲಿ ಅಂತ ಹುಡುಕ್ಬೇಕಾಗುತ್ತೆ. ಕುತ್ತಿಗೆಲಿ ಹುಡುಕಿದ್ರೂ ಸಿಗ್ಬಾರ್ದು, ಕೆನ್ನೇಲೂ ಸಿಗ್ಬಾರ್ದು. ಅಂಗಡಿ ಟ್ಯೂಬ್‌ಲೈಟ್ ಕೆಳಗೆ ಇದು ಗೊತ್ತೇ ಆಗಲ್ಲ, ಆ ಬೆಳಕಲ್ಲಿ ಎಲ್ಲರ ಮುಖವೂ ಒಂದೇ.

ಇನ್ನೊಂದು, ನನ್ನ ಥರ ಹಣೆ ಒಂದು ಬಣ್ಣ ಕೆನ್ನೆ ಒಂದು ಬಣ್ಣ ಇರೋರು ತುಂಬಾ ಜನ, ಅದು ರೋಗ ಅಲ್ಲ. ಇಡೀ ಮುಖಕ್ಕೆ ಕೆನ್ನೆಯ ಬಣ್ಣನೇ ಬಳಿದ್ರೆ ಮುಖವಾಡ ಆಗುತ್ತೆ. ಎರಡು ಶೇಡ್ ಇಟ್ಕೊಂಡ್ರೆ ಒಳ್ಳೇದು, ಮಧ್ಯಕ್ಕೆ ಒಂದು, ಅಂಚಿಗೆ ಅರ್ಧ ಶೇಡ್ ಕಪ್ಪಿಂದು. ಮುಖಕ್ಕೆ ನೆರಳು ಕೊಟ್ಟು ಆಕಾರ ಎತ್ತಿ ತೋರ್ಸೋ ಕಾಂಟೂರ್ ಅಂತ ಬೇರೆ ಏನೂ ಬೇಡ, ಅದೇ ಕಾಂಟೂರ್ ಆಗೋಗುತ್ತೆ.

ಮೇಕಪ್ ಆರ್ಟಿಸ್ಟ್‌ಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಒಬ್ಬರ ಹತ್ರ ನಾನು ಮೇಕಪ್ ಮಾಡಿಸ್ಕೊಂಡಾಗ, ಬಾಯ್ಬಿಟ್ಟು "ನನ್ನ ಬಣ್ಣವೇ ಇರ್ಲಿ" ಅಂದ್ರೂನೂ, "ಫೋಟೋಲಿ ಚೆನ್ನಾಗಿ ಬರುತ್ತೆ ಮೇಡಂ" ಅಂತ ಎರಡು ಶೇಡ್ ತಿಳಿದು ಮೆತ್ತಿದ್ರು, ಮೇಲಿಂದ ಅರೆಪಾರದರ್ಶಕ ಪೌಡರ್ ಬೇರೆ ಸುರಿದ್ರು. ಫ್ಲಾಶ್ ಬಿದ್ದ ಫೋಟೋಲಿ ಮುಖ ಒಂದು ಊರಿಂದು, ಕಿವಿ ಕುತ್ತಿಗೆ ಇನ್ನೊಂದು ಊರಿಂದು. ಕಣ್ಣ ಕೆಳಗೆ ಪೌಡರ್ ಹಾಕಿದ ಜಾಗ ಮಾತ್ರ ಪಳಪಳ ಬಿಳಿ. ಅದು ಯಾಕೆ ಹಂಗಾಗುತ್ತೆ ಅಂದ್ರೆ, ಆ ಪೌಡರಲ್ಲಿರೋ ಸಿಲಿಕಾ ಬರಿಗಣ್ಣಿಗೆ ಕಾಣಲ್ಲ, ಫ್ಲಾಶ್ ಬೆಳಕನ್ನ ಮಾತ್ರ ವಾಪಸ್ ಕ್ಯಾಮೆರಾಗೇ ಎಸೆಯುತ್ತೆ. ತಿಳಿ ಬಣ್ಣದೋರ ಮುಖದ ಮೇಲೆ ಇದು ಅಷ್ಟಾಗಿ ಗೊತ್ತಾಗಲ್ಲ, ನಮ್ಮ ಮುಖದ ಮೇಲೆ ಗೊತ್ತಾಗ್ದೇ ಇರಲ್ಲ. ಹಂಗಾಗಿ ಪೌಡರ್ ತಗೊಂಡ್ರೆ ಬಣ್ಣ ಇರೋದೇ ತಗೊಳ್ಳಿ, ಮನೇಲೇ ಒಂದು ಫ್ಲಾಶ್ ಫೋಟೋ ತೆಗ್ದು ನೋಡಿ, ಆಮೇಲೆ ಹೊರಗೆ ಹೊರಡಿ. ಆರ್ಟಿಸ್ಟ್ ಆದ್ರೆ ಮುಂಚೇನೇ ಟ್ರಯಲ್ ಕೇಳಿ, ಅವರು ನಿಮ್ಮ ಬಣ್ಣದೋರಿಗೆ ಮಾಡಿರೋ ಫೋಟೋ, ಎಡಿಟ್ ಮಾಡ್ದೇ ಇರೋದು, ತೋರ್ಸಿ ಅನ್ನಿ. ತೋರ್ಸೋಕೆ ಹಿಂದೆ ಮುಂದೆ ನೋಡಿದ್ರೆ ಅರ್ಥ ಮಾಡ್ಕೊಳ್ಳಿ.

ಕಣ್ಣ ಕೆಳಗಿನ ಕಪ್ಪಿಗೆ ತಿಳಿ ಕನ್ಸೀಲರ್ (ಕಲೆ ಮುಚ್ಚೋ ಗಟ್ಟಿ ಲೇಪ) ಹಾಕಿದ್ರೂ ಇದೇ ಬೂದಿ ಕಥೆ. ಅಲ್ಲಿ ಮೊದ್ಲು ಕರೆಕ್ಟರ್ ಬೇಕು, ನಮ್ಮ ಬಣ್ಣಕ್ಕೆ ಪೀಚ್ ಸಾಲಲ್ಲ, ಕಿತ್ತಳೆ, ಕಡುಗಪ್ಪಿಗೆ ಕೆಂಪು ಹೊಡೆಯೋ ಕಿತ್ತಳೆ. ಡಬ್ಬಿಲಿ ನೋಡಿದ್ರೆ ಭಯ ಆಗುತ್ತೆ, ಆದ್ರೆ ನೀಲಿ ಕಪ್ಪನ್ನ ಕಿತ್ತಳೆ ಹೊಡೆದುಹಾಕುತ್ತೆ. ಕಡ್ಲೆ ಕಾಳಷ್ಟು ಬೇಡ, ಉಗುರಿನ ತುದೀಲಿ ಬರೋಷ್ಟು ಸಾಕು, ಮೇಲೆ ನಿಮ್ಮ ಶೇಡಿನ ಕನ್ಸೀಲರ್ ತೆಳ್ಳಗೆ.

ಬ್ಲಶ್ ವಿಷಯದಲ್ಲಿ ನಂಗೆ ಖುಷಿ ಜಾಸ್ತಿ. ತಿಳಿ ಪಿಂಕ್ ಪೌಡರ್ ಬ್ಲಶ್ ನಮ್ಮ ಕೆನ್ನೆ ಮೇಲೆ ಚಾಕ್‌ಪೀಸ್ ಧೂಳು, ಯಾಕಂದ್ರೆ ಪಿಂಕ್ ಅನ್ನೋದು ಕೆಂಪಿಗೆ ಬಿಳಿ ಸೇರಿದ್ದೇ, ಮತ್ತೆ ಅದೇ ಟೈಟಾನಿಯಂ. ಅಂಗಡೀಲಿ "ಅಯ್ಯೋ ಇದನ್ನ ಯಾರು ಹಚ್ತಾರೆ" ಅನ್ಸೋ ಕಡು ನೇರಳೆ, ಇಟ್ಟಿಗೆ ಕೆಂಪು, ಉರಿಯೋ ಕಿತ್ತಳೆ, ಇವೇ ನಮ್ಮವು. ಕ್ರೀಮ್ ಆದ್ರೆ ಇನ್ನೂ ವಾಸಿ, ಬೆರಳಲ್ಲಿ ಒತ್ತಿದ್ರೆ ಒಳಗಿಂದ ರಕ್ತ ಏರಿದಂಗೆ ಕಾಣುತ್ತೆ. ಹೈಲೈಟರಲ್ಲೂ ಅಷ್ಟೇ, ಬೆಳ್ಳಿ ಮಿಂಚಿಂದು ಬೇಡ, ಬಂಗಾರ, ತಾಮ್ರ, ಕಂಚು ನೋಡಿ. ಬೆಳ್ಳಿ ಮಿಂಚು ಬರೋದು ಅಭ್ರಕದ ಮೇಲೆ ಟೈಟಾನಿಯಂ ಲೇಪ ಮಾಡಿ, ಬಂಗಾರದ ಮಿಂಚಿಗೆ ಐರನ್ ಆಕ್ಸೈಡೂ ಸೇರುತ್ತೆ, ವ್ಯತ್ಯಾಸ ಅಲ್ಲೇ ಇರೋದು.

ಲಿಪ್‌ಸ್ಟಿಕ್ ಬಗ್ಗೆ ಒಂದೇ ತಕರಾರು, ನ್ಯೂಡ್, ಅಂದ್ರೆ ತುಟಿಯದ್ದೇ ಬಣ್ಣ ಅಂತ ಮಾರೋ ತಿಳಿ ಬಣ್ಣ. ಯಾರ ತುಟಿಯ ಬಣ್ಣ ಅದು? ನಮ್ಮ ಮೇಲೆ ಜ್ವರ ಬಂದು ಎದ್ದೋರ ತುಟಿ ಥರ ಕಾಣುತ್ತೆ. ನಮ್ಮಲ್ಲಿ ಬಹಳ ಜನಕ್ಕೆ ಮೇಲ್ತುಟಿ ಕಪ್ಪು, ಕೆಳತುಟಿ ಮಧ್ಯ ಗುಲಾಬಿ, ಹಂಗಾಗಿ ಕಾಫಿ ಬಣ್ಣದ ಲೈನರ್ ಸುತ್ತ ಎಳೆದು ಒಳಗಡೆ ಸ್ವಲ್ಪ ಹರಡಿ, ಮಧ್ಯ ಮಾತ್ರ ಏನಾದ್ರೂ ಹಚ್ಚಿದ್ರೆ ಚೆನ್ನಾಗಿರುತ್ತೆ. ಕಪ್ಪಗಿರೋರಿಗೆ ಕೆಂಪು ಒಪ್ಪಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವರ ಮುಂದೇನೇ ಕೆಂಪು ಹಚ್ಕೊಳ್ಳಿ. ಕಣ್ಣಿನ ಸಾಮಾನಿನ ಬಗ್ಗೆ ಬರೆಯೋಕೆ ಏನಿಲ್ಲ, ಕಪ್ಪು ಎಲ್ಲರಿಗೂ ಕಪ್ಪೇ, ಐಶ್ಯಾಡೋ ಮಾತ್ರ ಬಣ್ಣ ಗಟ್ಟಿ ಇರೋದು ತಗೊಳ್ಳಿ.

ಸನ್‌ಸ್ಕ್ರೀನ್ ಬಗ್ಗೆ ಮಾತ್ರ ಸ್ವಲ್ಪ ಉದ್ದ ಬರೀತೀನಿ, ಜಗಳ ಇರೋದೇ ಇಲ್ಲಿ. "ಕಪ್ಪಗಿರೋರಿಗೆ ಸನ್‌ಸ್ಕ್ರೀನ್ ಯಾಕೆ" ಅನ್ನೋ ಮಾತು ಎಷ್ಟು ಸಲ ಕೇಳಿದೀನೋ. ಚರ್ಮಕ್ಕೆ ಕಪ್ಪು ಬಣ್ಣ ಕೊಡೋ ಮೆಲನಿನ್ ರಕ್ಷಣೆ ಕೊಡುತ್ತೆ ನಿಜ, 1979ರಲ್ಲಿ ಅಳೆದು ನೋಡಿದಾಗ ಕಪ್ಪು ಚರ್ಮದ ಮೇಲ್ಪದರ ಸರಾಸರಿ 13ರಷ್ಟು ಎಸ್‌ಪಿಎಫ್ (ಬಿಸಿಲಿಗೆ ಸುಡದಂಗೆ ತಡೆಯೋ ಶಕ್ತಿಯ ಅಳತೆ) ಕೊಡುತ್ತೆ ಅಂತ ಬಂತು, ಬಿಳಿಯರದ್ದು 3 ಚಿಲ್ಲರೆ. ಸುಟ್ಟು ಕೆಂಪಗಾಗೋದು ನಮಗೆ ಕಮ್ಮಿ, ಸರಿ. ಆದ್ರೆ ನಮ್ಮ ತಲೆನೋವು ಸುಡೋದಲ್ಲ, ಕಲೆ. ಒಂದು ಮೊಡವೆ ಬಂದು ಹೋದ್ರೆ ಅದರ ಕಪ್ಪು ಗುರುತು ತಿಂಗಳುಗಟ್ಲೆ ಕೂತಿರುತ್ತೆ, ಬಂಗು ಬಂದ್ರಂತೂ ಕೇಳಲೇಬೇಡಿ, ಬಿಸಿಲು ಎರಡನ್ನೂ ಎಬ್ಬಿಸುತ್ತೆ. ಅಷ್ಟೇ ಅಲ್ಲ, ಕಣ್ಣಿಗೆ ಕಾಣೋ ಮಾಮೂಲಿ ಬೆಳಕೂ ಕಪ್ಪು ಚರ್ಮದಲ್ಲಿ ಕಪ್ಪು ಏರಿಸುತ್ತೆ, ತೀರಾ ತಿಳಿ ಚರ್ಮದಲ್ಲಿ ಏರಿಸಲ್ಲ ಅಂತ 2010ರಲ್ಲಿ ಒಂದು ಅಧ್ಯಯನ ತೋರಿಸ್ತು. ಆ ಬೆಳಕನ್ನ ಮಾಮೂಲಿ ಸನ್‌ಸ್ಕ್ರೀನ್ ಸರಿಯಾಗಿ ತಡೆಯಲ್ಲ, ಐರನ್ ಆಕ್ಸೈಡ್ ತಡೆಯುತ್ತೆ. ನೋಡಿ, ಫೌಂಡೇಶನ್ನಿಗೆ ಬಣ್ಣ ಕೊಡೋ ಅದೇ ಪುಡಿ! ಅದಕ್ಕೇ ಬಂಗು ಇರೋರಿಗೆ ಟಿಂಟೆಡ್, ಅಂದ್ರೆ ಬಣ್ಣ ಬೆರೆಸಿದ, ಸನ್‌ಸ್ಕ್ರೀನ್ ಹೇಳೋದು.

ಆದ್ರೆ ಟಿಂಟೆಡ್ ಅಂತ ಮಾರೋದು ಬಹಳಷ್ಟು ಒಂದೇ ಶೇಡ್, "ಎಲ್ಲ ಚರ್ಮಕ್ಕೂ ಹೊಂದುತ್ತೆ" ಅಂತ. ಹೆಸರು ಬೇಡ, ಅಂಥದ್ದೊಂದು ನಾನು ಕೊಂಡೆ, ಅದೂ ಪೂರ್ತಿ ಮಿನರಲ್, ಅಂದ್ರೆ ಝಿಂಕ್ ಆಕ್ಸೈಡ್ ಮತ್ತೆ ಟೈಟಾನಿಯಂ. ಹೇಳಿದಷ್ಟು ಪ್ರಮಾಣ, ಅಂದ್ರೆ ಎರಡು ಬೆರಳುದ್ದ, ಹಚ್ಚಿದೆ. ಕೆನ್ನೆ ಲ್ಯಾವೆಂಡರ್ ಬಣ್ಣಕ್ಕೆ ತಿರುಗ್ತು, ಹುಬ್ಬಿನ ಕೂದಲ ಬುಡದಲ್ಲಿ ಬಿಳಿ ಬಿಳಿ ಕೂತ್ಕೊಂತು, ಉಜ್ಜಿದಷ್ಟೂ ಎರೇಸರ್ ಹೊಟ್ಟಿನ ಥರ ಉದುರ್ತು. ಕಮ್ಮಿ ಹಚ್ಚಿದ್ರೆ ಬಿಳಿ ಕಾಣಲ್ಲ, ಆದ್ರೆ ಡಬ್ಬಿ ಮೇಲೆ ಬರೆದ ಎಸ್‌ಪಿಎಫ್ ಸಿಗಬೇಕು ಅಂದ್ರೆ ಅಷ್ಟೂ ಹಚ್ಚಲೇಬೇಕು, ಲ್ಯಾಬಲ್ಲಿ ಅಳೆಯೋದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ. ಈಗ ನಾನು ಮಾಡೋದು ಹಿಂಗೆ: ಕೆಳಗೆ ಬಿಳಿ ಬಿಡ್ದೇ ಇರೋ ಕೆಮಿಕಲ್ ಸನ್‌ಸ್ಕ್ರೀನ್, ಲೇಬಲಲ್ಲಿ ಅವೊಬೆನ್ಝೋನ್, ಟಿನೋಸಾರ್ಬ್ ಎಸ್ ಥರದ್ದು ನೋಡಿ ತಗೊಳ್ತೀನಿ, ಎಸ್‌ಪಿಎಫ್ 30 ಮೇಲೆ ಇದ್ರೆ ಸಾಕು, 30ಕ್ಕೂ 50ಕ್ಕೂ ತಡೆಯೋದ್ರಲ್ಲಿ ವ್ಯತ್ಯಾಸ 97 ಪರ್ಸೆಂಟಿಗೂ 98 ಪರ್ಸೆಂಟಿಗೂ ಇರೋಷ್ಟು. ಅದರ ಮೇಲೆ ನನ್ನ ಶೇಡಿನ ಫೌಂಡೇಶನ್, ಐರನ್ ಆಕ್ಸೈಡ್ ಅದರಿಂದ ಬರುತ್ತೆ. ನಿಮ್ಮ ಬಣ್ಣದ ಟಿಂಟೆಡ್ ಸಿಕ್ಕಿದ್ರೆ ಈ ಎರಡು ಕೆಲಸ ಬೇಡ, ಅದೊಂದೇ ಸಾಕು.

ಕಲೆಗೆ ಏನು ಹಚ್ಬೇಕು ಅಂದ್ರೆ ನಂಗೆ ಕೆಲಸ ಮಾಡಿದ್ದು ನಯಾಸಿನಮೈಡ್ ಮತ್ತೆ ಅಝೆಲಾಯಿಕ್ ಆಸಿಡ್. ನಯಾಸಿನಮೈಡ್ 4, 5 ಪರ್ಸೆಂಟ್ ಸಾಕು, ಅದು ಮೆಲನಿನ್ ಮೇಲಿನ ಜೀವಕೋಶಗಳಿಗೆ ಸಾಗೋದನ್ನ ತಡೆಯುತ್ತೆ, 10, 15 ಅಂತ ಏರಿಸ್ಕೊಂಡು ಹೋದ್ರೆ ಕೆಲವರಿಗೆ ಉರಿ ಅಷ್ಟೇ ಲಾಭ. ನಮ್ಮ ಚರ್ಮಕ್ಕೆ ಉರಿ ಅಂದ್ರೆ ಮತ್ತೆ ಕಪ್ಪು, ಅದಕ್ಕೇ ಚರ್ಮದ ಮೇಲ್ಪದರ ಕಿತ್ತು ತೆಗೆಯೋ ಗಡುಸು ಪೀಲ್, ಮುಖ ತಿಕ್ಕೋ ಸ್ಕ್ರಬ್ ಇವೆಲ್ಲ ಮನೇಲಿ ಪ್ರಯೋಗ ಮಾಡ್ಬೇಡಿ, ಲೇಸರ್ ಅಂತ ಹೋಗೋದಾದ್ರೆ ಕಪ್ಪು ಚರ್ಮಕ್ಕೆ ಮಾಡಿ ಅಭ್ಯಾಸ ಇರೋ ಚರ್ಮದ ಡಾಕ್ಟರ್ ಹತ್ರಾನೇ ಹೋಗಿ. ಚರ್ಮ ಬಿಸಿಲಿಗೆ ಹೆಂಗೆ ಸುಡುತ್ತೆ, ಕಪ್ಪಾಗುತ್ತೆ ಅಂತ ನೋಡಿ ವಿಧ ಮಾಡೋಕೆ ಡಾಕ್ಟರುಗಳು ಬಳಸೋ ಫಿಟ್ಝ್‌ಪ್ಯಾಟ್ರಿಕ್ ಸ್ಕೇಲ್ ಇದ್ಯಲ್ಲ, 1975ರಲ್ಲಿ ಅದು ಶುರುವಾದಾಗ ಬಿಳಿ ಚರ್ಮದ ನಾಲ್ಕೇ ವಿಧ ಇತ್ತು, ಕಪ್ಪು ಕಂದು ಬಣ್ಣದೋರನ್ನ ಐದು, ಆರು ಅಂತ ಆಮೇಲೆ ಸೇರಿಸಿದ್ದು. ಇಲ್ಲೂ ಕೊನೇ ಸಾಲೇ ನಮಗೆ.

ಇನ್ನು ಬೆಳ್ಳಗೆ ಮಾಡ್ತೀವಿ ಅನ್ನೋ ಕ್ರೀಮುಗಳು. ರಿವ್ಯೂ ಬರೆಯೋ ಯೋಗ್ಯತೆನೂ ಇಲ್ಲ ಅವಕ್ಕೆ, ಆದ್ರೂ ಹೇಳ್ತೀನಿ. ಒಂದು ವಾರಕ್ಕೇ ಮುಖ ತಿಳಿ ಆಯ್ತು ಅಂದ್ರೆ ಖುಷಿ ಪಡ್ಬೇಡಿ, ಅನುಮಾನ ಪಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಇರೋದು, ಪಾದರಸ ಇರೋದು ಹೊಸ ವಿಷಯ ಅಲ್ಲ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಅಂತ ಸ್ಟೀರಾಯ್ಡ್ ಹೆಸರು ಲೇಬಲಲ್ಲಿ ಕಂಡ್ರೆ ಅದು ಔಷಧಿ, ಮೇಕಪ್ ಅಲ್ಲ, ಡಾಕ್ಟರ್ ಹೇಳ್ದೇ ಮುಖಕ್ಕೆ ಹಚ್ತಾ ಹೋದ್ರೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಕೂದಲು ಬೆಳೆದು, ನಿಲ್ಲಿಸಿದ ದಿನದಿಂದ ಉರಿಯೋಕೆ ಶುರುವಾಗುತ್ತೆ. ಪಾದರಸ ಕಿಡ್ನಿಗೆ ಏಟು. ಕಲೆ ತಿಳಿ ಮಾಡೋ ಔಷಧಿ ಹೈಡ್ರೋಕ್ವಿನೋನ್ ಡಾಕ್ಟರ್ ಕೈಯಲ್ಲಿ ಸ್ವಲ್ಪ ದಿನಕ್ಕೆ ಸರಿ, ವರ್ಷಗಟ್ಲೆ ಹಚ್ಚಿದ್ರೆ ನೀಲಿ ಬೂದು ಬಣ್ಣದ ಕಲೆ ಬರಬಹುದು, ಅದನ್ನ ತೆಗೆಯೋದು ಬಲು ಕಷ್ಟ. ಡಬ್ಬಿ ಮೇಲೆ ಪದಾರ್ಥಗಳ ಪಟ್ಟೀನೇ ಇಲ್ವಾ, ಅಲ್ಲೇ ಇಟ್ಟು ಬನ್ನಿ.

ಕೊನೆಗೆ ಮಾರ್ಕ್ಸ್. ಪ್ರೋ ಫಿಲ್ಟರ್‌ಗೆ ಐದಕ್ಕೆ ನಾಲ್ಕೂವರೆ, ಎಣ್ಣೆ ಚರ್ಮದೋರು ಕಣ್ಮುಚ್ಚಿ ತಗೋಬಹುದು, ಒಣ ಚರ್ಮದೋರು ನೋಡ್ಕೊಂಡು ತಗೊಳ್ಳಿ, ಅರ್ಧ ಮಾರ್ಕ್ ಕಟ್ ಆಗಿದ್ದು ಅದಕ್ಕೇ. ಅಂಗಡೀಲಿ ಕಪ್ಪು ಶೇಡುಗಳ ಟೆಸ್ಟರ್ ಸ್ಟ್ಯಾಂಡ್ ಮೇಲೆ ಕಾಣ್ದಿದ್ರೆ "ಇಲ್ಲ" ಅಂದ್ಕೊಂಡು ವಾಪಸ್ ಬರ್ಬೇಡಿ, ಯಾವ ಬ್ರ್ಯಾಂಡಾದ್ರೂ ಸರಿ, ಕೆಳಗಿನ ಡ್ರಾಯರ್ ತೆಗ್ಸಿ ನೋಡಿ, ಎಷ್ಟೋ ಸಲ ಸೀಲೂ ಒಡೀದೆ ಅಲ್ಲೇ ಬಿದ್ದಿರುತ್ತೆ. ಅಲ್ಲೂ ಇಲ್ಲ ಅಂದ್ರೆ ಆನ್‌ಲೈನಲ್ಲಿ ತಗೊಳ್ಳೋ ಮುಂಚೆ, ಬಾಟ್ಲಿ ಓಪನ್ ಆದ್ಮೇಲೂ ಶೇಡ್ ಬದಲಾಯಿಸಿ ಕೊಡ್ತಾರಾ ಅಂತ ನೋಡ್ಕೊಳ್ಳಿ, ಫೋನ್ ಸ್ಕ್ರೀನ್ ಮೇಲೆ ಕಂಡ ಬಣ್ಣ ನೋಡಿ ಮಾತ್ರ ಆರ್ಡರ್ ಹಾಕ್ಬೇಡಿ.